ಹಳೇ ಕೀಬೋರ್ಡ್, ಪ್ರಿಂಟರ್, ಸ್ಕ್ಯಾನರ್: ಇನ್ನೂ ದಿನಾ ಬಳಸುವವರು ಯಾರಿದ್ದೀರಿ?

ಕೀಲಿಮಣೆ_ಕಟಕಟ
ಹೊಸ ಡೆಸ್ಕ್‌ಟಾಪ್ ಬಂತು. ಹಿಂಬದಿ ನೋಡಿದರೆ ಪಿಎಸ್/2 ಪೋರ್ಟೇ (ಹಳೇ ಕೀಬೋರ್ಡ್, ಮೌಸ್ ಸಿಕ್ಕಿಸುವ ದುಂಡನೆಯ ಕಿಂಡಿ) ಇಲ್ಲ. ನನ್ನದು ಐಬಿಎಂನ ಮಾಡೆಲ್ ಎಂ ಕೀಬೋರ್ಡ್. ಬೆನ್ನ ಮೇಲಿನ ಚೀಟಿಯಲ್ಲಿ 1989 ಅಂತ ಇದೆ. ಒಂದು ಕೀ ಕೂಡ ಕೆಟ್ಟಿಲ್ಲ, ಒಂದು ಅಕ್ಷರವೂ ಅಳಿಸಿಲ್ಲ. ಡ್ರಾಯರ್‌ನಲ್ಲಿ ಬಿದ್ದಿದ್ದ ನೇರಳೆ ಬಣ್ಣದ ಪುಟಾಣಿ ಅಡಾಪ್ಟರ್ ಸಿಕ್ಕಿಸಿ ಯುಎಸ್‌ಬಿಗೆ ಹಾಕಿದೆ. ಮೂಲೆಯ ಮೂರು ದೀಪ ಒಮ್ಮೆ ಮಿನುಗಿ ಆರಿಹೋದವು. ಆಮೇಲೆ ಏನು ಒತ್ತಿದರೂ ಉಹೂಂ. ಹಳೇ ಕಂಪ್ಯೂಟರಿಗೆ ಹಾಕಿದರೆ ಸರಿಯಾಗಿಯೇ ಕೆಲಸ ಮಾಡುತ್ತದೆ.

ಇದಕ್ಕೆ ದಾರಿ ಇದೆಯಾ? ಹಾಗೆಯೇ, ನೀವೆಲ್ಲ ಇನ್ನೂ ಬಿಡದೆ ಬಳಸುತ್ತಿರುವ ಹಳೇ ಸಾಮಾನು ಯಾವುದು ಹೇಳಿ. ಷೋಕೇಸಿನಲ್ಲಿ ಇಟ್ಟಿರುವುದು ಬೇಡ, ದಿನದ ಕೆಲಸಕ್ಕೆ ಬರುವುದು ಬೇಕು.

ಬೆಸುಗೆಕಡ್ಡಿ
ಆ ನೇರಳೆ ಅಡಾಪ್ಟರ್ ಒಳಗೆ ಚಿಪ್ ಇಲ್ಲ, ಬರೀ ತಂತಿ. ಅದು ಟೋಪಿ ಬದಲಿಸುತ್ತದೆ, ಮಾತು ಬದಲಿಸುವುದಿಲ್ಲ. 2000ದ ಆಸುಪಾಸಿನಲ್ಲಿ ಬಂದ ಕೆಲವು ಕೀಬೋರ್ಡ್‌ಗಳು ಪಿಎಸ್/2, ಯುಎಸ್‌ಬಿ ಎರಡನ್ನೂ ಬಲ್ಲವು. ಆ ಅಡಾಪ್ಟರ್ ಅವಕ್ಕೆ ಮಾತ್ರ. ನಿಮ್ಮದು 1989ರದು, ಯುಎಸ್‌ಬಿ ಬಂದದ್ದೇ 1996ರಲ್ಲಿ. ಅದಕ್ಕೆ ಹೇಗೆ ಗೊತ್ತಿರಬೇಕು ಹೇಳಿ! ದೀಪ ಮಿನುಗಿದ್ದು 5 ವೋಲ್ಟ್ ಸಿಕ್ಕಿತು ಅನ್ನುವುದಕ್ಕೆ ಸಾಕ್ಷಿ, ಅಷ್ಟೇ.

ನಿಮಗೆ ಬೇಕಾದದ್ದು ಒಳಗೆ ಚಿಪ್ ಇರುವ ಕನ್ವರ್ಟರ್. ತಂತಿ ಇರುತ್ತದೆ, ತುದಿಯಲ್ಲಿ ಸಾಮಾನ್ಯವಾಗಿ ಎರಡು ಪಿಎಸ್/2 ಸಾಕೆಟ್, ಒಂದು ಕೀಬೋರ್ಡಿಗೆ, ಒಂದು ಮೌಸಿಗೆ. ಆದರೆ ತೀರಾ ಅಗ್ಗದ್ದು ಬೇಡ. ಮಾಡೆಲ್ ಎಂ ಈಗಿನ ಕೀಬೋರ್ಡ್‌ಗಳಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಕೆಲವು ಕನ್ವರ್ಟರ್‌ಗಳಲ್ಲಿ ಅಕ್ಷರ ತಪ್ಪುವುದು, ಇಲ್ಲವೇ ಒಂದೇ ಅಕ್ಷರ ಸಾಲಾಗಿ ಬೀಳುವುದು ನೋಡಿದ್ದೇನೆ.

ಕೈ ಆಡಿಸುವ ಅಭ್ಯಾಸ ಇದ್ದರೆ ನೀವೇ ಮಾಡಿಕೊಳ್ಳಿ. ಪಿಎಸ್/2ರಲ್ಲಿ ಬಳಕೆಯಲ್ಲಿರುವುದು ನಾಲ್ಕೇ ಗೆರೆ: 5 ವೋಲ್ಟ್, ಗ್ರೌಂಡ್, ಕ್ಲಾಕ್, ಡೇಟಾ. ಎಟಿಮೆಗಾ 32ಯು4 ಚಿಪ್ ಇರುವ ಪುಟ್ಟ ಬೋರ್ಡ್ ಒಂದಕ್ಕೆ ಈ ನಾಲ್ಕನ್ನು ಬೆಸೆದು, ಟಿಎಂಕೆ ಅಥವಾ ಕ್ಯೂಎಂಕೆ ಅನ್ನುವ ಕೀಬೋರ್ಡ್ ಫರ್ಮ್‌ವೇರ್ (ಚಿಪ್ ಒಳಗೇ ಕೂರುವ ತಂತ್ರಾಂಶ) ತುಂಬಿದರೆ ಮುಗಿಯಿತು.

ಹೊಸದೇ_ಲೇಸು
ಹೊಸ ಕೀಬೋರ್ಡ್ ತಗೊಳ್ಳಿ ಸ್ವಾಮಿ. ಇಷ್ಟೆಲ್ಲ ಯಾಕೆ?

ಕೀಲಿಮಣೆ_ಕಟಕಟ
ತಗೊಂಡೂ ನೋಡಿದೆ. ರಬ್ಬರ್ ಗುಮ್ಮಟದ ಕೀಬೋರ್ಡ್‌ನಲ್ಲಿ ಕೀ ತಳ ಮುಟ್ಟುವ ತನಕ ಅಕ್ಷರ ಬಿತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಇದರಲ್ಲಿ ಪ್ರತಿ ಕೀ ಕೆಳಗೆ ಒಂದು ಸ್ಪ್ರಿಂಗ್ ಇದೆ. ಒತ್ತುತ್ತಾ ಹೋದ ಹಾಗೆ ಅದು ಪಕ್ಕಕ್ಕೆ ಬಾಗುತ್ತದೆ, ಥಟ್ಟನೆ ಮಡಚಿಕೊಳ್ಳುತ್ತದೆ. ಬುಡದಲ್ಲಿರುವ ಪುಟ್ಟ ಸುತ್ತಿಗೆ ವಾಲಿ ಕೆಳಗಿನ ಹಾಳೆಗೆ ಬಡಿಯುತ್ತದೆ. ಸದ್ದು, ಬೆರಳಿಗೆ ಸಿಗುವ ಒದೆತ, ಅಕ್ಷರ, ಮೂರೂ ಒಂದೇ ಕ್ಷಣಕ್ಕೆ. ಇದು ರೂಢಿಯಾದ ಮೇಲೆ ಬೇರೆಯದರಲ್ಲಿ ಟೈಪ್ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಸುಮ್ನೆ_ಓದುಗ
ಪಕ್ಕದಲ್ಲಿ ಕೂತು ಕೆಲಸ ಮಾಡುವವರ ಅಭಿಪ್ರಾಯವನ್ನೂ ಕೇಳಿ ಬರೆಯಿರಿ 🙂

ಆಟದಹುಚ್ಚು
ಕನ್ವರ್ಟರ್ ಹಾಕಿದರೆ ಪಿಎಸ್/2ರ ಮಜಾನೇ ಹೋಗುತ್ತದೆ ಗುರು. ಪಿಎಸ್/2 ಕೀಬೋರ್ಡ್ ತಾನೇ ಇಂಟರಪ್ಟ್ ಕೊಟ್ಟು ಕಂಪ್ಯೂಟರನ್ನು ಕರೆಯುತ್ತದೆ, ಯುಎಸ್‌ಬಿ ಆದರೆ ಕಂಪ್ಯೂಟರ್ ಕೇಳುವವರೆಗೆ ಕಾಯಬೇಕು. ಜೊತೆಗೆ ಎಷ್ಟು ಕೀ ಒಟ್ಟಿಗೆ ಒತ್ತಿದರೂ ಎಲ್ಲ ದಾಖಲಾಗುತ್ತದೆ. ಪಿಎಸ್/2 ಇರುವ ಮದರ್‌ಬೋರ್ಡ್ ಈಗಲೂ ಸಿಗುತ್ತದೆ, ಅದನ್ನೇ ಹುಡುಕಿ.

ಬೆಸುಗೆಕಡ್ಡಿ
> ಎಷ್ಟು ಕೀ ಒಟ್ಟಿಗೆ ಒತ್ತಿದರೂ

ಮಾಡೆಲ್ ಎಂ ವಿಷಯದಲ್ಲಿ ಇದು ಸುಳ್ಳು. ಅದರ ಕೀ ಜಾಲದಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಲ್ಲ. ಗ್ಯಾರಂಟಿ ಎರಡು ಕೀಗೆ ಮಾತ್ರ. ಮೂರನೆಯದು ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಹೋಗುತ್ತದೆ, ಕೆಲವು ಜೋಡಣೆಗಳನ್ನು ಅದು ನುಂಗಿಬಿಡುತ್ತದೆ. ಪೋರ್ಟ್ ಯಾವುದಾದರೂ ಅಷ್ಟೇ.

ವೇಗದ ಲೆಕ್ಕಕ್ಕೆ ಬನ್ನಿ. ಪಿಎಸ್/2ರಲ್ಲಿ ಒಂದು ಬೈಟ್ ಅಂದರೆ 11 ಬಿಟ್. ಕ್ಲಾಕ್ ಹೆಚ್ಚೆಂದರೆ 16.7 ಕಿಲೋಹರ್ಟ್ಸ್, ಕಡಿಮೆ ಅಂದರೆ 10. ಅಂದರೆ ಒಂದು ಬೈಟ್ ಸಾಗಿಸಲಿಕ್ಕೇ ಸುಮಾರು 0.7ರಿಂದ 1.1 ಮಿಲಿಸೆಕೆಂಡ್ ಬೇಕು. ಫುಲ್ ಸ್ಪೀಡ್ ಯುಎಸ್‌ಬಿ ಕೀಬೋರ್ಡನ್ನು 1 ಮಿಲಿಸೆಕೆಂಡಿಗೊಮ್ಮೆ ಕೇಳಬಹುದು. ಹಳೇ ಲೋ ಸ್ಪೀಡ್ ಯುಎಸ್‌ಬಿಯಲ್ಲಿ 8–10 ಮಿಲಿಸೆಕೆಂಡ್ ಆಗುತ್ತಿತ್ತು, ನಿಮ್ಮ ಮಾತು ಹುಟ್ಟಿದ್ದು ಆ ಕಾಲದಲ್ಲಿ.

ಆಟದಹುಚ್ಚು
ಸರಿ, ಕೀಬೋರ್ಡ್ ನಿಮಗೇ ಇರಲಿ. ಮಾನಿಟರ್ ವಿಷಯ ಬಂದಾಗ ನೋಡಿಕೊಳ್ಳುತ್ತೇನೆ.

ಗೋದಾಮು_ಲೆಕ್ಕ
ನಮ್ಮಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ದಿನವಿಡೀ ಓಡುತ್ತದೆ. ನೆನಪಿಗೆ ಅಂತ ಇಟ್ಟುಕೊಂಡಿದ್ದಲ್ಲ, ಇದಕ್ಕೆ ಬದಲಿ ಇಲ್ಲ ಅಂತ ಇಟ್ಟುಕೊಂಡಿದ್ದು. ಮಾಲು ಕಳಿಸುವಾಗ ಒಂದೇ ಚೀಟಿಯ ಮೂರು ಪ್ರತಿ ಬೇಕು: ಒಂದು ನಮಗೆ, ಒಂದು ಲಾರಿಯವರಿಗೆ, ಒಂದು ಇಳಿಸಿಕೊಳ್ಳುವವರಿಗೆ. ಪಿನ್ನು ಬಡಿದರೆ ಮೂರೂ ಹಾಳೆಯಲ್ಲಿ ಒಂದೇ ಏಟಿಗೆ ಅಚ್ಚು. ಲೇಸರ್ ಆಗಲಿ ಇಂಕ್‌ಜೆಟ್ ಆಗಲಿ ಹಾಳೆಯನ್ನು ಬಡಿಯುವುದೇ ಇಲ್ಲ, ಕಾರ್ಬನ್ ಪ್ರತಿ ಬರುವುದಾದರೂ ಹೇಗೆ? ಮೂರು ಸಲ ಪ್ರಿಂಟ್ ಮಾಡಿ ಅನ್ನುತ್ತಾರೆ. ಮೂರು ಸಲ ಮಾಡಿದರೆ ಅದು ಮೂರು ಬೇರೆ ಕಾಗದ. ಮೇಲಿನ ಪ್ರತಿಗೆ ಸಹಿ ಹಾಕಿದರೆ ಕೆಳಗಿನ ಎರಡಕ್ಕೂ ಇಳಿಯಬೇಕು, ವಿಷಯ ಅಲ್ಲಿದೆ.

ಧೂಳು, ಸೆಕೆ ಯಾವುದಕ್ಕೂ ಇದು ಜಗ್ಗುವುದಿಲ್ಲ. ಮಸಿ ಇದ್ದಕ್ಕಿದ್ದಂತೆ ಮುಗಿಯುವುದಿಲ್ಲ, ರಿಬ್ಬನ್ ನಿಧಾನಕ್ಕೆ ಮಾಸುತ್ತಾ ಬಂದು ಮೊದಲೇ ಹೇಳುತ್ತದೆ. ಪಕ್ಕದಲ್ಲಿ ತೂತಿರುವ ಉದ್ದನೆಯ ಕಾಗದ ಹಲ್ಲುಚಕ್ರಕ್ಕೆ ಸಿಕ್ಕಿಸಿದರೆ ಪೆಟ್ಟಿಗೆ ಖಾಲಿಯಾಗುವವರೆಗೆ ಆ ಕಡೆ ನೋಡಬೇಕಾಗಿಲ್ಲ.

ಹೊಸಬರು ಬಂದಾಗೆಲ್ಲ ಒಂದೇ ದೂರು, ಮೂರನೇ ಪ್ರತಿ ಮಸುಕು ಅಂತ. ಪಿನ್ನುಗಳಿರುವ ಹೆಡ್ ಪಕ್ಕ ಒಂದು ಪುಟ್ಟ ಸನ್ನೆಗೋಲು ಇರುತ್ತದೆ, ಕಾಗದದ ದಪ್ಪಕ್ಕೆ ತಕ್ಕ ಹಾಗೆ ಹೆಡ್ಡನ್ನು ಹಿಂದೆ ಮುಂದೆ ಮಾಡುವುದು. ಅದನ್ನು ಯಾರೂ ಮುಟ್ಟಿರುವುದಿಲ್ಲ. ಮುಟ್ಟುವಾಗ ಹೆಡ್‌ಗೆ ಕೈ ತಾಗಿಸಬೇಡಿ. ಒಂದು ಗಂಟೆ ಓಡಿದ ಮೇಲೆ ಸುಡುತ್ತದೆ.

ಎಂಟುಬಿಟ್
ರಿಬ್ಬನ್ ಒಣಗಿತು ಅಂತ ಸ್ಟ್ಯಾಂಪ್ ಪ್ಯಾಡಿನ ಮಸಿ ಸುರಿಯುವವರು ಇದ್ದಾರೆ. ದಯವಿಟ್ಟು ಬೇಡ. ಆ ರಿಬ್ಬನ್ ಮಸಿಯೇ ಪಿನ್ನುಗಳಿಗೆ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಬೇರೆ ಮಸಿ ಹಾಕಿದರೆ ಪಿನ್ನು ಅಂಟಿಕೊಳ್ಳುತ್ತದೆ, ಆಮೇಲೆ ಪ್ರತಿ ಅಕ್ಷರದ ನಡುವೆ ಒಂದು ಬಿಳೀ ಗೆರೆ. ಹೆಡ್ ಬದಲಿಸುವುದಕ್ಕಿಂತ ಹೊಸ ರಿಬ್ಬನ್ನೇ ವಾಸಿ.

ಪೆಂಗ್ವಿನ್_ಪಕ್ಷ
ಪ್ರಿಂಟರ್ ಮಾತು ಬಂತಲ್ಲ, ಒಂದು ವಿಚಾರ ಹೇಳುತ್ತೇನೆ. ಹಳೇ ಹಾರ್ಡ್‌ವೇರ್ ಸವೆದು ಸಾಯುವುದು ಕಡಿಮೆ. ಡ್ರೈವರ್ (ಅದನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ) ಇಲ್ಲದೆ ಸಾಯುವುದೇ ಜಾಸ್ತಿ.

ಎಚ್‌ಪಿಯ ಎರಡು ಲೇಸರ್‌ಗಳನ್ನೇ ತಗೊಳ್ಳಿ. ಲೇಸರ್‌ಜೆಟ್ 4 ಬಂದದ್ದು 1992ರಲ್ಲಿ. ಪುಟ ಹೇಗಿರಬೇಕು ಅಂತ ಪಿಸಿಎಲ್ ಅನ್ನುವ ಭಾಷೆಯಲ್ಲಿ ಹೇಳಿದರೆ ಅದೇ ಅರ್ಥ ಮಾಡಿಕೊಂಡು ಚಿತ್ರ ಬಿಡಿಸುತ್ತದೆ. ಲೇಸರ್‌ಜೆಟ್ 1020 ಅದಕ್ಕಿಂತ ಎಷ್ಟೋ ವರ್ಷ ಚಿಕ್ಕದು. ಆದರೆ ಅದರೊಳಗೆ ಅಂಥ ಬುದ್ಧಿ ಇಲ್ಲ. ಪುಟದ ಚಿತ್ರವನ್ನು ಕಂಪ್ಯೂಟರೇ ಬಿಡಿಸಿ ಕೊಡಬೇಕು. ಅಷ್ಟೇ ಅಲ್ಲ, ಸ್ವಿಚ್ ಹಾಕಿದಾಗೆಲ್ಲ ಅದರ ಫರ್ಮ್‌ವೇರನ್ನೂ ಕಂಪ್ಯೂಟರಿಂದಲೇ ತುಂಬಬೇಕು. ಅಂದರೆ ಆ ಡ್ರೈವರ್ ಇಲ್ಲದ ಕಡೆ ಅದು ಬರೀ ಡಬ್ಬ. ಲಿನಕ್ಸ್‌ನಲ್ಲಿ ಯಾರೋ ಪುಣ್ಯಾತ್ಮರು ಡ್ರೈವರ್ ಬರೆದರು, ಬದುಕಿಕೊಂಡಿತು. 1992ರದಕ್ಕೆ ಇವತ್ತಿಗೂ ಸಾಮಾನ್ಯ ಪಿಸಿಎಲ್ ಡ್ರೈವರ್ ಸಾಕು. ಕಾಗದ ಎಳೆಯುವ ರಬ್ಬರ್ ರೋಲರ್ ನುಣ್ಣಗಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದಕ್ಕೂ ಬಗ್ಗದಿದ್ದರೆ ಬದಲಿಸಿ.

ಗೋದಾಮಿನವರ ಡಾಟ್ ಮ್ಯಾಟ್ರಿಕ್ಸೂ ಹಾಗೇ. ಯಾವ ಡ್ರೈವರೂ ಇಲ್ಲದೆ ಬರೀ ಅಕ್ಷರ ಕಳಿಸಿದರೂ ಅಚ್ಚಾಗುತ್ತದೆ. ವಿಂಡೋಸಿನಲ್ಲಿ ಜೆನೆರಿಕ್ ಟೆಕ್ಸ್ಟ್ ಓನ್ಲಿ ಅಂತ ಒಂದು ಡ್ರೈವರ್ ಈಗಲೂ ಕೂತಿದೆ, ನೋಡಿ.

ಹೊಸದೇ_ಲೇಸು
ಎಲ್ಲರೂ ಹಳೆಯದರ ಭಜನೆ ಮಾಡುತ್ತಿದ್ದೀರಿ, ಕರೆಂಟ್ ಲೆಕ್ಕ ಯಾರೂ ಹೇಳಲಿಲ್ಲ. ನನ್ನ ಗೆಳೆಯರೊಬ್ಬರು ಪೆಂಟಿಯಂ 4 ಡಬ್ಬವನ್ನು ಫೈಲ್ ಸರ್ವರ್ ಅಂತ ಹಗಲೂ ರಾತ್ರಿ ಓಡಿಸುತ್ತಾರೆ. ಆ ಸಾಲಿನ ಕೆಲವು ಚಿಪ್‌ಗಳ ಟಿಡಿಪಿಯೇ (ಜೋರಾಗಿ ದುಡಿಯುವಾಗ ಹೊರಬರುವ ಶಾಖದ ಲೆಕ್ಕ) 115 ವ್ಯಾಟ್. ಅದೇ ಕೆಲಸವನ್ನು ಅಂಗೈಯಗಲದ ಬೋರ್ಡ್ 5–10 ವ್ಯಾಟ್‌ನಲ್ಲಿ ಮಾಡುತ್ತದೆ. ಉಳಿಸಿದೆ ಅಂದುಕೊಂಡಿದ್ದೆಲ್ಲ ಬಿಲ್ಲಿನಲ್ಲಿ ಹೋಯಿತು.

ಪೆಂಗ್ವಿನ್_ಪಕ್ಷ
ಸರ್ವರ್ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಸದಾ ಓಡುವ ಯಂತ್ರ ಹಳೆಯದಿರಬಾರದು. ಕೀಬೋರ್ಡ್, ಸ್ಕ್ಯಾನರ್ ಲೆಕ್ಕವೇ ಬೇರೆ.

ಇನ್ನೊಂದು ಸೇರಿಸುತ್ತೇನೆ. ನೆಟ್‌ವರ್ಕ್‌ಗೆ ತಗುಲಿಸುವ ಹಳೇ ಸಾಮಾನಿನ ಬಗ್ಗೆ ಹುಷಾರು. ಹಳೇ ನ್ಯಾಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ) ಪೆಟ್ಟಿಗೆಗಳು ಫೈಲ್ ಹಂಚಿಕೆಗೆ ಎಸ್‌ಎಂಬಿ 1 ಅನ್ನುವ ಹಳೇ ಪದ್ಧತಿ ಬಿಟ್ಟರೆ ಬೇರೇನೂ ಅರಿಯವು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಹಬ್ಬಿದ್ದು ವಿಂಡೋಸಿನ ಎಸ್‌ಎಂಬಿ 1 ತೂತಿನಿಂದಲೇ. ಆ ವರ್ಷದ ಕೊನೆಗೆ ವಿಂಡೋಸ್ 10 ಹೊಸದಾಗಿ ಹಾಕಿದರೆ ಅದು ಬರುವುದೇ ನಿಂತಿತು. ಈಗ ಒಂದು ನ್ಯಾಸ್‌ಗೋಸ್ಕರ ಅದನ್ನು ಮತ್ತೆ ಆನ್ ಮಾಡಿಕೊಳ್ಳುವವರನ್ನು ನೋಡಿದರೆ ಸಿಟ್ಟು ಬರುತ್ತದೆ. ಒಳಗಿನ ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿ ಸ್ವಾಮಿ.

ಚಿತ್ರಸಂಚಿ
ಡ್ರೈವರ್ ಮಾತಿಗೆ ನಾನೇ ಉದಾಹರಣೆ. ನನ್ನ ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ಗೆ 32 ಬಿಟ್ ವಿಂಡೋಸ್ ಡ್ರೈವರ್ ಮಾತ್ರ ಇತ್ತು. 64 ಬಿಟ್ ವಿಂಡೋಸ್ ಆ ಹಳೇ ಡ್ರೈವರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ತಯಾರಕರನ್ನು ಕೇಳಿದರೆ ಹೊಸ ಮಾಡೆಲ್ ತಗೊಳ್ಳಿ ಅಂತ ಒಂದೇ ಸಾಲಿನ ಉತ್ತರ. ವ್ಯೂಸ್ಕ್ಯಾನ್ ಅಂತ ಒಂದು ತಂತ್ರಾಂಶ ಇದೆ, ದುಡ್ಡು ಕೊಡಬೇಕು, ಅದರಲ್ಲೇ ಎಷ್ಟೋ ಹಳೇ ಸ್ಕ್ಯಾನರ್‌ಗಳ ಡ್ರೈವರ್ ಸೇರಿದೆ. ಲಿನಕ್ಸ್ ಆದರೆ ಸೇನ್ ಅನ್ನುವ ತಂತ್ರಾಂಶ ಪುಕ್ಕಟೆ. ಎರಡರಲ್ಲೂ ನನ್ನದು ನಡೆಯುತ್ತದೆ.

ಹೊಸದು ಯಾಕೆ ಬೇಡ ಅಂದರೆ, ಈಗಿನ ತೆಳ್ಳಗಿನ ಸ್ಕ್ಯಾನರ್‌ಗಳಲ್ಲಿ ಸಿಐಎಸ್ ಸೆನ್ಸರ್. ಗಾಜಿಗೆ ಅಂಟಿಕೊಂಡಿರುವುದು ಮಾತ್ರ ಸ್ಪಷ್ಟ, ಕೆಲವೇ ಮಿಲಿಮೀಟರ್ ಮೇಲೆದ್ದರೂ ಮಬ್ಬು. ದಪ್ಪ ಪುಸ್ತಕದ ನಡುವಿನ ಮಡಿಕೆ, ಅಂಚು ಸುರುಳಿ ಸುತ್ತಿಕೊಂಡ ಹಳೇ ಫೋಟೊ, ಎಲ್ಲ ಹಾಳು. ಹಳೇ ಸಿಸಿಡಿ ಸ್ಕ್ಯಾನರ್‌ನಲ್ಲಿ ಕನ್ನಡಿ, ಲೆನ್ಸ್ ಇರುತ್ತದೆ. ಅದಕ್ಕೇ ಅಷ್ಟು ದಪ್ಪ, ಅದಕ್ಕೇ ಮೇಲೆದ್ದ ಭಾಗವೂ ಕಾಣುತ್ತದೆ.

ಒಂದು ಪ್ರಶ್ನೆ: ಮೊನ್ನೆ ಇನ್ನೊಂದು ಅಂಥದ್ದೇ ಸೆಕೆಂಡ್‌ಹ್ಯಾಂಡ್ ತರಿಸಿದೆ. ಆನ್ ಮಾಡಿದ ಕೂಡಲೇ ಕರ್‍ರ್ ಅಂತ ಸದ್ದು ಮಾಡಿ ನಿಲ್ಲುತ್ತದೆ. ಲೈಟ್ ಹತ್ತುತ್ತದೆ. ಯಾರಿಗಾದರೂ ಗೊತ್ತಾ?

ಆಟದಹುಚ್ಚು
ಈಗ ನನ್ನ ಸರದಿ. ಸಿಆರ್‌ಟಿ ಮಾನಿಟರ್, ಅದೇ ಹಿಂದೆ ದೊಡ್ಡ ಗಾಜಿನ ಟ್ಯೂಬ್ ಇರುವುದು. ಎಲ್‌ಸಿಡಿಯಲ್ಲಿ ಒಂದು ಚಿತ್ರ ಮುಂದಿನದು ಬರುವವರೆಗೆ ಹಾಗೇ ನಿಂತಿರುತ್ತದೆ, ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸಿದಾಗ ಮಸುಕಾಗಿ ಕಾಣುವುದು ಅದಕ್ಕೇ. ಸಿಆರ್‌ಟಿಯಲ್ಲಿ ಪ್ರತಿ ಚುಕ್ಕೆ ಒಂದು ಗಳಿಗೆ ಹೊಳೆದು ಆರುತ್ತದೆ. ಇವತ್ತಿಗೂ ಆ ಚಲನೆ ನೋಡಿದರೆ ಖುಷಿ. ಪರದೆಗೆ ಗುರಿಯಿಟ್ಟು ಹೊಡೆಯುವ ಹಳೇ ಲೈಟ್ ಗನ್ ಆಟಗಳಂತೂ ಸಿಆರ್‌ಟಿ ಇಲ್ಲದೆ ಆಡಲಿಕ್ಕೇ ಆಗುವುದಿಲ್ಲ, ಪರದೆಯ ಮೇಲೆ ಕಿರಣ ಯಾವ ಹೊತ್ತಿಗೆ ಎಲ್ಲಿತ್ತು ಅನ್ನುವುದರ ಮೇಲೇ ಆ ಗನ್ನು ನಡೆಯುವುದು. ಸೋನಿಯ ಎಫ್‌ಡಬ್ಲ್ಯು 900 ಅಂತ 24 ಇಂಚಿನ ಅಗಲ ಪರದೆಯ ಸಿಆರ್‌ಟಿ ಇತ್ತು, 2304×1440 ತೋರಿಸುತ್ತಿತ್ತು. ಸಿಕ್ಕವರು ಬಿಡುವುದಿಲ್ಲ.

ನನ್ನದು ಅದಲ್ಲ, ಸಾಮಾನ್ಯ 17 ಇಂಚಿನದು. ಒಳಗೆ ಧೂಳು ತುಂಬಿದೆ, ಈ ಭಾನುವಾರ ಬಿಚ್ಚಿ ಒರೆಸಬೇಕು.

ಬೆಸುಗೆಕಡ್ಡಿ
ಬಿಚ್ಚಬೇಡಿ! ಬಣ್ಣದ ಸಿಆರ್‌ಟಿಯ ಟ್ಯೂಬಿನಲ್ಲಿ 20 ಸಾವಿರ ವೋಲ್ಟ್‌ಗೂ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಉಳಿದಿರಬಹುದು. ಟ್ಯೂಬ್ ಮೇಲೆ ಬಟ್ಟಲಿನ ಆಕಾರದ ರಬ್ಬರ್ ಇರುತ್ತದೆ, ಅದರ ಕೆಳಗೆ ಕೈ ಹೋದರೆ ಕಥೆ ಮುಗಿಯಿತು. ಡಿಸ್ಚಾರ್ಜ್ ಮಾಡುವುದು ಗೊತ್ತಿರುವವರ ಕೈಯಲ್ಲಿ ಮಾಡಿಸಿ. ಇಲ್ಲ ಅಂದರೆ ಧೂಳು ಇರಲಿ ಬಿಡಿ.

ಆಟದಹುಚ್ಚು
ಆಯ್ತು ಮಾರಾಯ್ರೆ, ಧೂಳು ಇರಲಿ.

ಫ್ಲಾಪಿ_ತಾತ
ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ ಅಲ್ವಾ. ಕಸೂತಿ ಹಾಕುವ ಯಂತ್ರ ಒಂದಿದೆ, ಡಿಸೈನ್ ತಗೊಳ್ಳುವುದು ಫ್ಲಾಪಿಯಲ್ಲಿ ಮಾತ್ರ. ಯಂತ್ರ ಗಟ್ಟಿಯಾಗಿದೆ, ಸೂಜಿ, ಮೋಟಾರ್ ಎಲ್ಲ ಸರಿ. ಸೋನಿ ಫ್ಲಾಪಿ ಮಾರುವುದನ್ನು ನಿಲ್ಲಿಸಿದ್ದು 2011ರಲ್ಲಿ. ಈಗ ಸಿಗುವುದೆಲ್ಲ ಹಳೇ ದಾಸ್ತಾನು. ಹತ್ತರಲ್ಲಿ ಎಷ್ಟು ಓದುತ್ತವೋ ದೇವರೇ ಬಲ್ಲ.

ಸುಮ್ನೆ_ಓದುಗ
2011ರವರೆಗೂ ಮಾರುತ್ತಿದ್ದರಾ?!

ಎಂಟುಬಿಟ್
ಅಚ್ಚರಿ ಪಡಬೇಡಿ. ಅಮೆರಿಕದ ಅಣ್ವಸ್ತ್ರ ಪಡೆಯ ಸಂದೇಶ ವ್ಯವಸ್ಥೆಯಲ್ಲಿ 8 ಇಂಚಿನ ಫ್ಲಾಪಿ 2019ರವರೆಗೆ ಇತ್ತು. ಬೋಯಿಂಗ್ 747-400 ವಿಮಾನಕ್ಕೆ ದಾರಿಯ ಮಾಹಿತಿ 28 ದಿನಕ್ಕೊಮ್ಮೆ ಹೊಸದಾಗಿ ತುಂಬಬೇಕು, ಅದನ್ನೂ ಮೂರೂವರೆ ಇಂಚಿನ ಫ್ಲಾಪಿಯಲ್ಲಿ ತುಂಬುತ್ತಿದ್ದರು.

ತಾತ, ನೀವು ಗೋಟೆಕ್ ಹಾಕಿಕೊಳ್ಳಿ. ಫ್ಲಾಪಿ ಡ್ರೈವಿನ ಜಾಗದಲ್ಲೇ ಕೂರುತ್ತದೆ, ಅದೇ 34 ಪಿನ್ನಿನ ಕೇಬಲ್, ಆದರೆ ಮುಂದೆ ಪೆನ್‌ಡ್ರೈವ್ ಚುಚ್ಚುವ ಕಿಂಡಿ. ಯಂತ್ರಕ್ಕೆ ಅದು ಫ್ಲಾಪಿಯೇ. ಒಂದು ಪೆನ್‌ಡ್ರೈವಿನಲ್ಲಿ ನೂರಾರು ಫ್ಲಾಪಿಗಳ ಪೂರ್ತಿ ನಕಲು (ಇಮೇಜ್) ಹಿಡಿಯುತ್ತವೆ, ಗುಂಡಿ ಒತ್ತಿ ಬದಲಿಸುವುದು. ಫ್ಲ್ಯಾಶ್‌ಫ್ಲಾಪಿ ಅನ್ನುವ ಫರ್ಮ್‌ವೇರ್ ಹಾಕಿದರೆ ಇನ್ನೂ ಹಲವು ಬಗೆಯ ಯಂತ್ರಗಳಿಗೆ ಹೊಂದುತ್ತದೆ. ಹಾಕುವ ಮುಂಚೆ ನಿಮ್ಮದು 720 ಕೆಬಿಯೋ 1.44 ಎಂಬಿಯೋ ನೋಡಿಕೊಳ್ಳಿ.

ಫ್ಲಾಪಿ_ತಾತ
720. ಇದು ಗೊತ್ತಿರಲಿಲ್ಲವಲ್ಲ! ಇವತ್ತೇ ಹುಡುಕುತ್ತೇನೆ. ಆದರೂ ಹೆಸರು ಬದಲಿಸುವುದಿಲ್ಲ.

ಲೇತು_ಯಂತ್ರ
ನಾನು ಸೀರಿಯಲ್ ಪೋರ್ಟ್ ಪಾರ್ಟಿ. ಸಿಎನ್‌ಸಿ (ಪ್ರೋಗ್ರಾಂ ಪ್ರಕಾರ ತಾನೇ ಕಡೆಯುವ) ಯಂತ್ರಕ್ಕೆ ಪ್ರೋಗ್ರಾಂ ಹೋಗುವುದು ಆರ್‌ಎಸ್-232 ಅನ್ನುವ ಆ ಪೋರ್ಟಿನಲ್ಲಿ, 9600 ಬಾಡ್ ವೇಗದಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟ್ ಇಲ್ಲ, ಯುಎಸ್‌ಬಿ ಕೇಬಲ್ ಹಾಕಬೇಕು. ಆ ಕೇಬಲ್‌ಗಳದ್ದೇ ದೊಡ್ಡ ಗೋಳು. ನಕಲಿ ಚಿಪ್ ತುಂಬಿ ಹೋಗಿವೆ. 2014ರ ಅಕ್ಟೋಬರ್‌ನಲ್ಲಿ ಅಸಲಿ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್‌ನಲ್ಲಿ ಬಂತಲ್ಲ, ಅದು ನಕಲಿ ಚಿಪ್ ಕಂಡರೆ ಅದರ ಪ್ರಾಡಕ್ಟ್ ಐಡಿಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಬೆಳಿಗ್ಗೆ ನೆಟ್ಟಗಿದ್ದ ಕೇಬಲ್ ಸಂಜೆಗೆ ಗುರುತೇ ಸಿಗದು. ತಪ್ಪು ನಕಲು ಮಾಡಿದವರದು, ಪೆಟ್ಟು ತಿಂದಿದ್ದು ಕೊಂಡವರು.

ಹೊಸದೇ_ಲೇಸು
ನೋಡಿ, ಇದನ್ನೇ ನಾನು ಹೇಳಿದ್ದು.

ಲೇತು_ಯಂತ್ರ
ಟನ್‌ಗಟ್ಟಲೆ ತೂಗುವ ಯಂತ್ರವನ್ನು ಕೇಬಲ್ ಹಾಳಾಯಿತು ಅಂತ ಬದಲಿಸಲೇ? ಪೋರ್ಟ್ ಇರುವ ಹಳೇ ಲ್ಯಾಪ್‌ಟಾಪ್ ಒಂದನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಇಂಟರ್ನೆಟ್ ಇಲ್ಲ, ಅಪ್‌ಡೇಟ್ ಇಲ್ಲ, ಕಿರಿಕಿರಿ ಇಲ್ಲ.

ಬೆಸುಗೆಕಡ್ಡಿ
ಪ್ಯಾರಲಲ್ ಪೋರ್ಟ್ (ಹಳೇ ಪ್ರಿಂಟರ್ ಸಿಕ್ಕಿಸುವ ಅಗಲ ಕಿಂಡಿ) ಇರುವವರಿಗೂ ಒಂದು ಮಾತು. ಯುಎಸ್‌ಬಿಯಿಂದ ಪ್ಯಾರಲಲ್ ಅಂತ ಮಾರುವ ಕೇಬಲ್ ಪ್ರಿಂಟರಿಗೆ ಮಾತ್ರ. ಪೋರ್ಟಿನ ಪಿನ್ನುಗಳನ್ನು ನೇರವಾಗಿ ಆಡಿಸುವ ಯಂತ್ರ, ಚಿಪ್‌ಗೆ ಪ್ರೋಗ್ರಾಂ ತುಂಬುವ ಪ್ರೋಗ್ರಾಮರ್ ಇತ್ಯಾದಿಗೆ ಅದು ಬಾರದು. ಮದರ್‌ಬೋರ್ಡಿಗೆ ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೇ ಹಾಕಬೇಕು.

ಕೀಲಿಮಣೆ_ಕಟಕಟ
ಬೆಸುಗೆಕಡ್ಡಿ ಅವರೇ, ಬೋರ್ಡ್ ತರಿಸಿ ಬೆಸೆದೆ. ಕೀಬೋರ್ಡ್ ಓಡುತ್ತಿದೆ. ಇದರಲ್ಲಿ ವಿಂಡೋಸ್ ಕೀ ಇಲ್ಲವಲ್ಲ, ಕ್ಯಾಪ್ಸ್ ಲಾಕನ್ನೇ ವಿಂಡೋಸ್ ಕೀ ಮಾಡಿಕೊಂಡೆ. ಎಲ್ಲ ಫರ್ಮ್‌ವೇರ್‌ನಲ್ಲೇ ಇರುವುದರಿಂದ ಯಾವ ಕಂಪ್ಯೂಟರಿಗೆ ಹಾಕಿದರೂ ಹಾಗೇ ಇರುತ್ತದೆ.

ಎಂಟುಬಿಟ್
ಭೇಷ್. ಒಂದೇ ಎಚ್ಚರಿಕೆ, ಮಾಡೆಲ್ ಎಂ ಮೇಲೆ ನೀರು ಗೀರು ಚೆಲ್ಲಬೇಡಿ. ಕೆಳಗಿನ ಹಾಳೆಗಳ ನಡುವೆ ಸೇರಿದರೆ ಒಣಗುವುದಿಲ್ಲ. ಬಿಚ್ಚಬೇಕೆಂದರೆ ಪ್ಲಾಸ್ಟಿಕ್ ರಿವೆಟ್‌ಗಳನ್ನೆಲ್ಲ ಕತ್ತರಿಸಿ, ಆ ಜಾಗಕ್ಕೆ ಪುಟ್ಟ ಬೋಲ್ಟ್ ಹಾಕಬೇಕು.

ಗೋದಾಮು_ಲೆಕ್ಕ
ರಬ್ಬರಿನಂಥ ಮೆತ್ತನೆ ಲೇಪ ಇರುವ ಮೌಸ್ ಅಂಟಂಟು ಆಗಿದೆ. ಎಷ್ಟು ತೊಳೆದರೂ ಹೋಗುತ್ತಿಲ್ಲ. ಉಪಾಯ ಇದೆಯಾ?

ಬೆಸುಗೆಕಡ್ಡಿ
ಅದು ಕೊಳೆಯಲ್ಲ, ಲೇಪವೇ ಕರಗುತ್ತಿರುವುದು. ಗಾಳಿಯ ತೇವಕ್ಕೆ ಪಾಲಿಯುರೆಥೇನ್ ಹೀಗಾಗುತ್ತದೆ, ತಡೆಯಲಿಕ್ಕೆ ಬರುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಗೆ ಹಾಕಿ ಉಜ್ಜಿ, ಲೇಪ ಪೂರ್ತಿ ತೆಗೆದುಬಿಡಿ. ಕೆಳಗೆ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಮೊದಲು ಬ್ಯಾಟರಿ ಅಥವಾ ಕೇಬಲ್ ತೆಗೆಯಿರಿ.

ಚಿತ್ರಸಂಚಿ
ನನ್ನ ಸ್ಕ್ಯಾನರ್ ಪ್ರಶ್ನೆ ಎಲ್ಲರೂ ದಾಟಿಕೊಂಡು ಹೋದಿರಿ 🙁 ಕರ್‍ರ್ ಅಂತ ಸದ್ದು, ಆಮೇಲೆ ಎರರ್. ಕೆಟ್ಟಿದೆ ಅಂತ ಬರೆದು ವಾಪಸ್ ಕಳಿಸಲಾ?

ಪೆಂಗ್ವಿನ್_ಪಕ್ಷ
ಕಳಿಸಬೇಡಿ. ತಿರುಗಿಸಿ ತಳ ನೋಡಿ, ಇಲ್ಲವೇ ಪಕ್ಕದಲ್ಲಿ. ಬೀಗದ ಚಿತ್ರ ಇರುವ ಒಂದು ಸ್ವಿಚ್ಚೋ ಸ್ಕ್ರೂನೋ ಇರಬೇಕು. ಸಾಗಿಸುವಾಗ ಒಳಗಿನ ಗಾಡಿ (ಲೈಟ್ ಹೊತ್ತು ಗಾಜಿನಡಿ ಓಡುವ ಭಾಗ) ಅಲ್ಲಾಡದಿರಲಿ ಅಂತ ಹಾಕುವ ಲಾಕ್ ಅದು.

ಚಿತ್ರಸಂಚಿ
ಇದೆ! ಲಾಕ್ ಕಡೆಗೇ ಇತ್ತು. ಬಿಡಿಸಿದೆ, ಈಗ ಗಾಡಿ ಓಡುತ್ತಿದೆ. ಆದರೆ ಚಿತ್ರದ ಎಡಗಡೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ ಬರುತ್ತಿದೆ.

ಪೆಂಗ್ವಿನ್_ಪಕ್ಷ
ಗಾಜಿನ ಒಂದು ತುದಿಯಲ್ಲಿ, ಚೌಕಟ್ಟಿನ ಅಡಿಗೆ ಬಿಳೀ ಪಟ್ಟಿ ಇರುತ್ತದೆ. ಪ್ರತಿ ಸ್ಕ್ಯಾನ್‌ಗೂ ಮುಂಚೆ ಅದನ್ನು ನೋಡಿಯೇ ಯಾವುದು ಬಿಳಿ ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಅಲ್ಲಿ ಒಂದು ಧೂಳಿನ ಕಣ ಕೂತರೂ ಪುಟದುದ್ದಕ್ಕೂ ಗೆರೆ ಬೀಳುತ್ತದೆ. ಮೊದಲು ಆ ತುದಿಯ ಗಾಜು ಒರೆಸಿ, ಲೈಟ್ ಬಿಸಿಯಾಗಲಿಕ್ಕೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ. ಆಗಲೂ ಗೆರೆ ಇದ್ದರೆ ಕಣ ಗಾಜಿನ ಒಳಗಡೆ ಇದೆ, ಪಟ್ಟಿಯ ಮೇಲೆ. ಗಾಜು ಎತ್ತಬೇಕಾಗುತ್ತದೆ. ಮಾಡೆಲ್ ಹೆಸರು ಹಾಕಿ, ಸ್ಕ್ರೂ ಎಲ್ಲೆಲ್ಲಿದೆ ಹುಡುಕಿ ಹೇಳುತ್ತೇನೆ.